ಅಕ್ರಾದಲ್ಲಿ ಎರಡು ಮಂಚದ ಕೋಣೆ

ಮೂರು ತಿಂಗಳಿಂದ ನಾನು ಒಂದು ಹೋಟೆಲಿನಲ್ಲಿ ವಾಸವಾಗಿದ್ದೇನೆ. ಅದರ ಅಂಗಳದಲ್ಲಿ ಒಂದು ಮಾವಿನ ಮರವಿದೆ. ಮಾಡಿನ ಮೇಲೆ ಕಪ್ಪು ಬಣ್ಣದ ನೀರಿನ ತೊಟ್ಟಿಯಿದೆ. ಕೆಳಗಿನಿಂದ ಮಹಡಿಗೆ ಹದಿನೇಳು ಮೆಟ್ಟಿಲು. ಬೆಳಗಿನ ತಿಂಡಿ ಏಳು ಗಂಟೆಗೆ ಮೊದಲು ಸಿಕ್ಕದು. ಇಷ್ಟೆಲ್ಲ ಬಲ್ಲೆನಾದರೂ ಆ ಹೋಟೆಲನ್ನು ನಾನು ಕಣ್ಣಾರೆ ಕಂಡಿಲ್ಲ. ಅದು ಇರುವುದು ಪಶ್ಚಿಮ ಆಫ್ರಿಕದ ಘಾನಾ ದೇಶದ ರಾಜಧಾನಿ ಅಕ್ರಾದಲ್ಲಿ. ನಾನು ಇರುವುದು ಯಳಂದೂರು ತಾಲ್ಲೂಕಿನ ಅಗರದಲ್ಲಿ. ಬೆಳಿಗ್ಗೆ ಬಸ್ಸು ಹತ್ತಿ ಕಾಲೇಜಿಗೆ ಹೋಗಿ, ಹುಡುಗರಿಗೆ ಪಂಪನನ್ನೋ ಹರಿಹರನನ್ನೋ ಪಾಠ ಹೇಳಿ, ಸಂಜೆ ಹಿಂದಿರುಗಿ ಕೈಕಾಲು ತೊಳೆದು ಮೊಬೈಲು ಹಿಡಿದು ಕುಳಿತೆನೆಂದರೆ ಆ ಹೋಟೆಲಿನ ಬಾಗಿಲು ತೆರೆಯಿತೆಂದೇ ಅರ್ಥ. ನನ್ನಾಕೆ ಅದಕ್ಕೆ 'ಇವರ ಎರಡನೆಯ ಮನೆ' ಎಂದು ಹೆಸರಿಟ್ಟಿದ್ದಾಳೆ. ಅಡಿಗೆಮನೆಯಿಂದ ಈ ಮಾತು ಕೇಳಿಬಂದಾಗ ಮನೆಗೆ ಬಂದವರು ಒಂದು ಕ್ಷಣ ಗಾಬರಿಯಾಗುವುದುಂಟು.

ಅಗರ ಎಂಬ ಹೆಸರಿನ ಊರು ನಮ್ಮಲ್ಲಿ ಒಂದೆರಡಲ್ಲ. ಬೆಂಗಳೂರಿನವರಿಗೆ ಅಗರ ಎಂದರೆ ಒಂದು ಕೆರೆ. ನಮ್ಮದನ್ನು ಗುರುತಿಸುವುದಕ್ಕೆ ಪಕ್ಕದ ಮಾಂಬಳ್ಳಿಯನ್ನು ಸೇರಿಸಿಕೊಂಡು ಅಗರ-ಮಾಂಬಳ್ಳಿ ಎನ್ನುವುದು ವಾಡಿಕೆ. ಹತ್ತಿರದಲ್ಲಿ ಸುವರ್ಣಾವತಿ ಹೊಳೆ, ಆಚೆಗೆ ಬಿಳಿಗಿರಿರಂಗನ ಬೆಟ್ಟ. ಸಾಹಿತ್ಯ ಬಲ್ಲವರಿಗೆ ಇನ್ನೊಂದು ಗುರುತೂ ಉಂಟು. 'ವಿಗಡ ವಿಕ್ರಮರಾಯ'ವನ್ನು ಬರೆದ ಸಂಸರು 1898ರಲ್ಲಿ ಹುಟ್ಟಿದ್ದು ಈ ಊರಿನಲ್ಲಿ. ಬೇರೂರಿ ನಿಲ್ಲದೆ ಊರೂರು ಅಲೆದ ಆ ಮನುಷ್ಯ 1939ರಲ್ಲಿ ಮೈಸೂರಿನಲ್ಲಿ ತಾವೇ ತಮ್ಮ ಬದುಕನ್ನು ಮುಗಿಸಿಕೊಂಡರು. ಅವರ ನಾಟಕವನ್ನು ತರಗತಿಯಲ್ಲಿ ಪಾಠ ಹೇಳುವಾಗಲೆಲ್ಲ, ಈತ ಎಲ್ಲೆಲ್ಲಿ ಮಲಗಿದ್ದರೋ, ಯಾರು ಬಾಗಿಲು ತೆರೆದರೋ ಎಂಬ ಯೋಚನೆ ನನಗೆ ಬರುತ್ತಿತ್ತು. ಪಾಠಕ್ಕೆ ಸಂಬಂಧವಿಲ್ಲದ ಯೋಚನೆ; ಪರೀಕ್ಷೆಯಲ್ಲಿ ಅದಕ್ಕೆ ಅಂಕವಿಲ್ಲ. ಆದರೆ ಊರು ಬಿಟ್ಟು ಹೋದವನೊಬ್ಬ ಮನೆಯಲ್ಲೇ ಇದ್ದರೆ ಇಂಥ ಯೋಚನೆಗಳು ಕರೆಯದೆ ಬರುತ್ತವೆ.

ಊರು ಬಿಟ್ಟು ಹೋದವನು ನನ್ನ ತಮ್ಮ. 2016ರಲ್ಲಿ ಹೋದ. ಅಕ್ರಾದಿಂದ ತೇಮಾ ಬಂದರಿಗೆ ಹೋಗುವ ದಾರಿಯಲ್ಲಿ ಕಬ್ಬಿಣದ ಸಾಮಾನಿನ ಒಂದು ಉಗ್ರಾಣ. ಅಲ್ಲಿ ಲೆಕ್ಕ ಬರೆಯುವ ಕೆಲಸ. 2018ರಲ್ಲಿ ಒಮ್ಮೆ ಬಂದು ಹೋದ. 2020ರ ಜೂನ್ ತಿಂಗಳಲ್ಲಿ ಅಪ್ಪ ತೀರಿಕೊಂಡರು. ಆಗಿನ ದಿನಗಳು ಹೇಗಿದ್ದುವೆಂದು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಾರ್ಚಿಯಲ್ಲಿಯೇ ನಮ್ಮ ದೇಶದವರು ವಿಮಾನ ನಿಲ್ಲಿಸಿದ್ದರು, ಘಾನಾದವರು ಗಡಿ ಮುಚ್ಚಿದ್ದರು. ಅಪ್ಪನ ಮಣ್ಣನ್ನು ಅವನು ಮೊಬೈಲಿನಲ್ಲಿ ನೋಡಿದ. ಫೋನು ಹಿಡಿದಿದ್ದ ಪಕ್ಕದ ಮನೆಯ ಹುಡುಗ ಒಮ್ಮೊಮ್ಮೆ ಮರೆತು ಆಕಾಶದ ಕಡೆ ತಿರುಗಿಸುತ್ತಿದ್ದನಂತೆ. ಆದ್ದರಿಂದ ಅವನು ನೋಡಿದ್ದು ಅರ್ಧ ಮಣ್ಣು, ಅರ್ಧ ಮೋಡ.

ಸೆಪ್ಟೆಂಬರು ಒಂದನೆಯ ತಾರೀಖು ಅಕ್ರಾದ ವಿಮಾನ ನಿಲ್ದಾಣ ಮತ್ತೆ ತೆರೆಯಿತು. ಅದೇ ವಾರದಲ್ಲಿ ತಮ್ಮನ ಫೋನು ಬಂತು. "ಅಣ್ಣಾ, ದಾರಿ ತೆರೆದಿದೆ. ಸುತ್ತಿ ಬಳಸಿಯಾದರೂ ಬರ್ತೀನಿ" ಎಂದ. ಆಗ ನಾನು ಹೇಳಿದ ಮಾತು ಇದು: "ಎಲ್ಲ ಮುಗಿದ ಮೇಲೆ ಇನ್ನು ಬಂದು ಏನು ಮಾಡ್ತೀಯ?"

ದುಂದುವೆಚ್ಚವಾಗಬಾರದೆಂದು ಹಾಗೆ ಹೇಳಿದೆ ಎಂದು ಅನೇಕರ ಮುಂದೆ ಹೇಳಿಕೊಂಡಿದ್ದೇನೆ. ಅದು ಪೂರ್ತಿ ನಿಜವಲ್ಲ. ಊರಿನವರೂ ಹತ್ತಿರ ಬರಲು ಹೆದರುತ್ತಿದ್ದ ಆ ದಿನಗಳಲ್ಲಿ ನಾಲ್ಕೇ ನಾಲ್ಕು ಜನರ ಜೊತೆ ಅಪ್ಪನನ್ನು ಹೊತ್ತಿದ್ದೆ. ಆ ಭಾರದ ಒಂದು ಪಾಲನ್ನು ದೂರದಲ್ಲಿದ್ದವನ ಮೇಲೆ ಎಸೆಯುವ ಆಸೆ ಒಳಗೆಲ್ಲೋ ಇತ್ತು. ಅವನು "ಸರಿ ಅಣ್ಣ" ಎಂದು ಫೋನಿಟ್ಟ. ಅಂದಿನಿಂದ ಊರಿಗೆ ಬಂದಿಲ್ಲ. ತಿಂಗಳು ತಿಂಗಳೂ ಹಣ ಬರುತ್ತದೆ. ಭಾನುವಾರ ಭಾನುವಾರ ಅವ್ವನ ಜೊತೆ ಮಾತು. ನನ್ನ ಜೊತೆಗಾದರೆ ಬ್ಯಾಂಕಿನ ವಿಷಯ, ಕಂದಾಯದ ವಿಷಯ, ಅಷ್ಟೆ.

ಹೋಗಬೇಕೆಂದು ಹೇಳಿದವಳು ಅವ್ವ. ಎಪ್ಪತ್ತೆರಡು ವರ್ಷ. ಮಲೆ ಮಹದೇಶ್ವರನ ಬೆಟ್ಟ ಒಂದು ದಿಕ್ಕಿಗೆ, ಮೈಸೂರು ಇನ್ನೊಂದು ದಿಕ್ಕಿಗೆ, ಅವಳ ಲೋಕದ ಎಲ್ಲೆ ಅಷ್ಟೇ. "ಅಂವ ಬರಲ್ಲ ಕನಾ. ನಾವೇ ಒಸಿ ಹೋಗ್ಬುಟ್ಟು ಬರಂವ" ಎಂದಳು. ಯಳಂದೂರಿನ ಸಂತೆಗೆ ಹೋಗಿ ಬರುವವಳ ಧಾಟಿಯಲ್ಲಿಯೇ ಹೇಳಿದಳು. ತಮ್ಮನಿರುವುದು ಕಂಪನಿಯವರು ಕೊಟ್ಟ ಮನೆಯಲ್ಲಿ. ಕೇರಳದವರು, ಗುಜರಾತಿನವರು, ಆಂಧ್ರದವರು ಸೇರಿ ಎಂಟು ಜನ ಗಂಡಸರು, ಮೂರು ಕೋಣೆ. ಅಲ್ಲಿಗೆ ಮುದುಕಿಯನ್ನು ಕರೆದೊಯ್ಯುವಂತಿಲ್ಲ. ಜೊತೆಗೆ, ವೀಸಾ ಕೇಳುವವರು ಬಂದು ಎಲ್ಲಿ ತಂಗುತ್ತೀರಿ ಎಂಬುದಕ್ಕೆ ರುಜುವಾತು ಕೊಡಬೇಕು. ಹೀಗಾಗಿ ಎಲ್ಲಕ್ಕಿಂತ ಮೊದಲು ಒಂದು ಹೋಟೆಲು ಗೊತ್ತುಮಾಡುವ ಕೆಲಸ ನನ್ನ ಪಾಲಿಗೆ ಬಂತು.

ಹೋಟೆಲು ಎಂಬ ಮಾತಿನಿಂದಲೇ ತೊಡಕು ಹುಟ್ಟಿತು. ನಮ್ಮ ಕಡೆ ಹೋಟೆಲು ಎಂದರೆ ಇಡ್ಲಿ ತಿಂದು ಕಾಫಿ ಕುಡಿದು ಎದ್ದು ಬರುವ ಸ್ಥಳ. "ಹೋಟ್ಲಲ್ಲಿ ಎಲ್ಲಾರ ಮನಿಕತರಾ ಮಗಾ? ಬೆಂಚಿನ ಮ್ಯಾಲಾ?" ಎಂದು ಅವ್ವ ಕೇಳಿದಳು. ಹಾಗಲ್ಲ, ಲಾಡ್ಜು ಎಂದೆ. ಅವಳ ಮುಖ ಸಪ್ಪಗಾಯಿತು. ಲಾಡ್ಜು ಎಂಬುದು ಸಂಸಾರವಂದಿಗರು ಕಾಲಿಡುವ ಜಾಗವಲ್ಲವೆಂದು ಅವಳ ತಿಳಿವಳಿಕೆ. ಕಡೆಗೆ, "ಛತ್ರ ಕಣವ್ವ, ಬಾಡಿಗೆ ತಗೊಳ್ಳೋ ಛತ್ರ" ಎಂದೆ. ಸಮಾಧಾನವಾಯಿತು.

ಛತ್ರವೆಂದ ಮೇಲೆ ಅಪ್ಪ ನೆನಪಾಗದೆ ಇರಲಾರರು. ನಾನು ಎಂ.ಎ. ಮುಗಿಸಿದ ವರ್ಷ ಒಂದು ಸಂದರ್ಶನಕ್ಕಾಗಿ ಅವರೊಡನೆ ಬೆಂಗಳೂರಿಗೆ ಹೋಗಿದ್ದೆ. ರೈಲು ನಿಲ್ದಾಣದ ಎದುರಿಗೆ ಗುಬ್ಬಿ ತೋಟದಪ್ಪನವರ ಛತ್ರ. 1903ರಲ್ಲಿ ಆ ಪುಣ್ಯಾತ್ಮರು ಅದನ್ನು ಕಟ್ಟಿಸಿ, ಎಷ್ಟು ತಲೆಮಾರಿನ ಹಳ್ಳಿಗರು ಪಟ್ಟಣಕ್ಕೆ ಹೆದರದೆ ಬಂದು ಹೋಗುವಂತೆ ಮಾಡಿದರೋ! ಅಪ್ಪ ಒಳಗೆ ಹೋದವರೇ ಮೊದಲು ಮಾಡಿದ್ದು ನಲ್ಲಿ ತಿರುಗಿಸಿ ನೋಡಿದ್ದು. ಆಮೇಲೆ ಬಾಗಿಲಿನ ಚಿಲಕ ಹಾಕಿ ತೆಗೆದು, ಹಾಕಿ ತೆಗೆದು ಪರೀಕ್ಷಿಸಿದರು. ಆಮೇಲೆ ಪಕ್ಕದ ಕೋಣೆಗೆ ಹೋಗಿ, "ಯಾವ ಕಡೆಯವರು ಸ್ವಾಮಿ?" ಎಂದು ಕೇಳಿ ಬಂದರು. ನೀರು, ಚಿಲಕ, ನೆರೆ. ಈ ಮೂರು ಸರಿಯಿದ್ದರೆ ಮಿಕ್ಕದ್ದೆಲ್ಲ ಸಹಿಸಬಹುದು ಎಂಬುದು ಅವರ ಮತ. ಪಟ್ಟಣದ ಪ್ರಯಾಣಿಕ ಕೇಳುವ ಕಿಟಕಿಯ ನೋಟ, ಗೋಡೆಯ ಬಣ್ಣ ಇವೆಲ್ಲ ಅವರ ಪಟ್ಟಿಯಲ್ಲಿ ಇರಲಿಲ್ಲ.

ನನ್ನ ಪಟ್ಟಿಯಾದರೋ ಪುಸ್ತಕದ ಪಟ್ಟಿ. ಆಫ್ರಿಕದ ಬಗೆಗೆ ನಾನು ಅರಿತದ್ದೆಲ್ಲ ಓದಿನಿಂದ. ಚಿನುವಾ ಅಚಿಬೆಯವರ 1958ರ ಕಾದಂಬರಿಯ ಮೇಲೆ ಒಂದು ಗಂಟೆ ಮಾತನಾಡಬಲ್ಲೆ. ಘಾನಾ 1957ರ ಮಾರ್ಚಿ 6ರಂದು ಸ್ವತಂತ್ರವಾಯಿತೆಂದೂ ಕ್ವಾಮೆ ಎನ್‌ಕ್ರೂಮಾ ಅದರ ಮೊದಲ ನಾಯಕರೆಂದೂ ಹೇಳಬಲ್ಲೆ. ಆದರೆ ಮಹಡಿಯ ನಲ್ಲಿಯಲ್ಲಿ ಬೆಳಗಿನ ಹೊತ್ತು ನೀರು ಬರುವುದೇ ಎಂಬುದನ್ನು ಯಾವ ಕಾದಂಬರಿಕಾರರೂ ಬರೆದಿಟ್ಟಿಲ್ಲ.

ಅದನ್ನು ಹೇಳಿಕೊಟ್ಟವರು ಮೈಸೂರಿನ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತಿದ್ದ ಒಬ್ಬರು. ಹುಣಸೂರಿನ ಕಡೆಯ ಹಕ್ಕಿಪಿಕ್ಕಿ ಜನಾಂಗದವರು. ಈ ಜನರಲ್ಲಿ ಅನೇಕರು ಗಿಡಮೂಲಿಕೆಯ ತೈಲವನ್ನು ಹೊತ್ತು ಆಫ್ರಿಕದ ಹಲವು ದೇಶಗಳಿಗೆ ವ್ಯಾಪಾರಕ್ಕೆ ಹೋಗುತ್ತಾರೆ. 2023ರ ಏಪ್ರಿಲಿನಲ್ಲಿ ಸುಡಾನಿನಲ್ಲಿ ಕಾಳಗ ಹತ್ತಿಕೊಂಡಾಗ ಅಲ್ಲಿ ಸಿಕ್ಕಿಕೊಂಡ ಕನ್ನಡಿಗರಲ್ಲಿ ಇವರೇ ಹೆಚ್ಚು; 'ಆಪರೇಷನ್ ಕಾವೇರಿ' ಎಂಬ ಹೆಸರಿನಲ್ಲಿ ಸರ್ಕಾರ ಅವರನ್ನು ಕರೆತಂದಾಗಲೇ ನಮ್ಮಂಥ ಪದವೀಧರರಿಗೆ ಈ ಸಂಗತಿ ತಿಳಿದದ್ದು. ನಾನು ಮೂರು ತಿಂಗಳು ಹೆಣಗಿದ ಕೆಲಸವನ್ನು ಈ ಮಹಾಶಯರು ಮೂರು ದೇಶಗಳಲ್ಲಿ, ಭಾಷೆಯೂ ಬಾರದೆ, ಇಳಿದ ದಿನವೇ ಮಾಡಿ ಮುಗಿಸಿದ್ದರು. "ಮೊದ್ಲು ನೀರು ನೋಡಿ ಸಾರ್. ತೊಟ್ಟಿ ಮೇಲಿದ್ರೆ ಕರೆಂಟು ಹೋದ್ರೂ ನೀರು ಬತ್ತದೆ. ಕೆಳಗಿದ್ರೆ ಬರಲ್ಲ" ಎಂದರು. "ಬಾಗ್ಲಿಗೆ ಒಳಗಡೆ ಚಿಲಕ ಇರ್ಬೇಕು. ಪೂರ್ತಿ ದುಡ್ಡು ಮೊದಲ್ನೇ ದಿನ ಕೊಡಬೇಡಿ. ಪಕ್ಕದ ರೂಮಿನವರನ್ನ ಮಾತಾಡಿಸ್ಕೊಳಿ." ನೀರು, ಚಿಲಕ, ನೆರೆ. ನಾನು ಬೆರಗಾಗಿ ಅವರ ಮುಖವನ್ನೇ ನೋಡಿದೆ. ಅಪ್ಪ ಖಾರ್ತೂಮಿಗೆ ಹೋಗಿ ಬಂದಂತೆ ಆಯಿತು.

ಅಂದಿನ ರಾತ್ರಿಯೇ ಹೋಟೆಲಿಗೆ ನನ್ನ ಮೊದಲನೆಯ ಕಾಗದ ಹೋಯಿತು. ಇ-ಮೇಲು ಎನ್ನಬೇಕು, ಆದರೆ ನಾನು ಬರೆದದ್ದು ಕಾಗದದ ರೀತಿಯಲ್ಲಿಯೇ. ದಿನಕ್ಕೆ ನಲವತ್ತು ಡಾಲರು, ಬೆಳಗಿನ ತಿಂಡಿ ಸೇರಿ, ಎರಡು ಮಂಚದ ಕೋಣೆ, ಹನ್ನೊಂದು ರಾತ್ರಿ. ಅದಕ್ಕೂ ಕಡಿಮೆಯ ಜಾಗಗಳಿದ್ದುವು, ಬಹಳ ಹೆಚ್ಚಿನವೂ ಇದ್ದುವು. ಇದನ್ನು ಆರಿಸಿದ್ದು ಎರಡು ಕಾರಣಕ್ಕೆ. ತಮ್ಮನ ಉಗ್ರಾಣದ ಕಡೆಗೆ ಹೋಗುವ ಟ್ರೋಟ್ರೋ ಹತ್ತಿರದಲ್ಲೇ ಸಿಕ್ಕುತ್ತದೆ. ಟ್ರೋಟ್ರೋ ಎಂದರೆ ಅಲ್ಲಿಯ ಬಾಡಿಗೆ ವ್ಯಾನು. ಬಾಗಿಲಲ್ಲಿ ಒಬ್ಬ ಹುಡುಗ ನೇತಾಡಿಕೊಂಡು ಊರಿನ ಹೆಸರು ಕೂಗುತ್ತಾನಂತೆ. ನಮ್ಮ ಕಡೆಯ ಖಾಸಗಿ ಬಸ್ಸು ಹತ್ತಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎರಡನೆಯದು, ಹೋಟೆಲು ಎತ್ತರದ ಜಾಗದಲ್ಲಿದೆ. ನನಗೆ ರಜ ಸಿಕ್ಕುವುದು ಬೇಸಿಗೆಯಲ್ಲಿ. ನಮ್ಮ ಬೇಸಿಗೆಯ ಕೊನೆಯೆಂದರೆ ಅಲ್ಲಿ ಮಳೆ ಜೋರಾಗುವ ಕಾಲ. 2015ರ ಜೂನ್ 3ರ ರಾತ್ರಿ ಅಕ್ರಾದಲ್ಲಿ ಮಳೆನೀರು ನುಗ್ಗಿ, ಅದರಿಂದ ತಪ್ಪಿಸಿಕೊಳ್ಳಲು ಜನ ನಿಂತಿದ್ದ ಪೆಟ್ರೋಲ್ ಬಂಕಿಗೆ ಬೆಂಕಿ ಹತ್ತಿ, ನೀರಿನಲ್ಲಿಯೂ ಬೆಂಕಿಯಲ್ಲಿಯೂ ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. 2022ರ ಮಳೆಗಾಲದಲ್ಲಿ ನಮ್ಮ ಸುವರ್ಣಾವತಿ ಉಕ್ಕಿ ಗದ್ದೆ ರಸ್ತೆಗಳೆಲ್ಲ ಒಂದಾದದ್ದನ್ನು ಕಂಡ ಮೇಲೆ, ನೀರು ಎಷ್ಟು ಬೇಗ ಮನೆಯೊಳಗೆ ಬರಬಲ್ಲದೆಂದು ನನಗೂ ಗೊತ್ತು. ಎತ್ತರ ಎಷ್ಟು ಎಂದು ಕೇಳಿಯೇ ಮುಂದುವರಿದೆ.

ಹೋಟೆಲು ನಡೆಸುವವರು ಒಬ್ಬ ಹೆಂಗಸು. ನನ್ನ ಮೊದಲ ಕಾಗದದಲ್ಲಿ ಹದಿನಾಲ್ಕು ಪ್ರಶ್ನೆಗಳಿದ್ದುವು. ಹದಿನಾಲ್ಕಕ್ಕೂ ಉತ್ತರ ಬಂತು, ಕೊನೆಯಲ್ಲಿ, "ಇನ್ನೇನಾದರೂ ಇದ್ದರೆ ಸಂಕೋಚಪಡಬೇಡಿ" ಎಂಬ ಮಾತೂ ಇತ್ತು. ಆ ತಾಯಿಗೆ ನಾನು ಸಂಕೋಚಪಡದ ಜಾತಿಯವನೆಂದು ಆಗ ಗೊತ್ತಿರಲಿಲ್ಲ. ಕರೆಂಟು ಹೋದರೆ ಏನು ಗತಿ ಎಂದು ಕೇಳಿದೆ. ಅದಕ್ಕೆ ಅಲ್ಲಿಯವರ ಮಾತೇ ಬೇರೆ ಇದೆಯಂತೆ: 'ದುಮ್‌ಸೋರ್'. ಆರು, ಹತ್ತು ಎಂದು ಅರ್ಥ. 2012ರಿಂದ ನಾಲ್ಕೈದು ವರ್ಷ ಕರೆಂಟು ಹೀಗೆ ಹೋಗಿ ಬಂದು ಮಾಡಿದಾಗ ಆ ಮಾತು ದೇಶದಲ್ಲೆಲ್ಲ ಮನೆಮಾತಾಯಿತು. ಎಷ್ಟು ಸೊಗಸಾದ ಪದ! ನಾವು ಲೋಡ್ ಶೆಡ್ಡಿಂಗ್ ಎಂದು ಇಷ್ಟು ವರ್ಷ ಎರವಲು ಮಾತಿನಲ್ಲಿ ಬೈದುಕೊಂಡು ಬಂದೆವು. ಕನ್ನಡದ ಮೇಷ್ಟರುಗಳಾದ ನಮಗೆ ಒಂದು ಪದ ಕಟ್ಟಲು ತೋಚಲಿಲ್ಲ.

ಆಕೆಯ ಹೆಸರಿನಿಂದಲೇ ಆಕೆ ಶುಕ್ರವಾರ ಹುಟ್ಟಿದವರೆಂದು ತಮ್ಮ ಹೇಳಿದ. ಅಲ್ಲಿಯ ಅಕಾನ್ ಜನರಲ್ಲಿ ಹುಟ್ಟಿದ ವಾರವೇ ಹೆಸರಾಗುತ್ತದೆ. ಕ್ವಾಮೆ ಎಂದರೆ ಶನಿವಾರದವನು. ಕೋಫಿ ಎಂದರೆ ಶುಕ್ರವಾರದವನು, ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ ಅವರಂತೆ. ಇದನ್ನು ಅವ್ವನಿಗೆ ಹೇಳಿದೆ. "ನಮ್ಮಲ್ಲೂ ಸೋಮಾರ ಹುಟ್ಟುದ್ರ ಸೋಮಣ್ಣ ಅನ್ನಲ್ವಾ" ಎಂದಳು. ಅವಳಿಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. ಆಕೆ ಶುಕ್ರವಾರದವಳು ಎಂದ ಮೇಲೆ ಒಳ್ಳೆಯವಳೇ ಇರಬೇಕು ಎಂದು ಮಾತ್ರ ತೀರ್ಮಾನಿಸಿದಳು.

ಊಟದ ವಿಷಯಕ್ಕೆ ಬಂದಾಗ ನಾನು ಹೆದರಿದ್ದೆ. ಅವ್ವ ಮೊಟ್ಟೆ ಮುಟ್ಟಿದವಳಲ್ಲ. ಆ ದೇಶದಲ್ಲಿ ಸಾರಿನಲ್ಲಿ ಮೀನಿಲ್ಲದಿದ್ದರೆ ಅದು ಸಾರೇ ಅಲ್ಲ ಎಂದು ಕೇಳಿದ್ದೆ. ಆದರೆ ತಮ್ಮ ಹೇಳಿದ ಸಂಗತಿಗಳನ್ನು ಕೇಳುತ್ತ ಹೋದಂತೆ ಹೆದರಿಕೆ ಕಳೆದು ಕುತೂಹಲ ಹುಟ್ಟಿತು. ಅಲ್ಲಿ ಫುಫು ಎಂಬುದೊಂದುಂಟು. ಮರಗೆಣಸನ್ನೂ ಬಾಳೆಯ ಜಾತಿಯ ಒಂದು ಕಾಯನ್ನೂ ಬೇಯಿಸಿ, ಒರಳಿನಲ್ಲಿ ಕುಟ್ಟಿ, ಮುದ್ದೆ ಮಾಡಿ, ಸಾರಿನಲ್ಲಿ ಅದ್ದಿ ನುಂಗುವುದು. ಅಗಿಯಬಾರದು! ಅಗಿಯುವವನನ್ನು ಕಂಡು ನಗುತ್ತಾರಂತೆ. ಮುದ್ದೆಯನ್ನು ಅಗಿದು ತಿನ್ನುವ ಬೆಂಗಳೂರಿನ ನೆಂಟರನ್ನು ಕಂಡು ನಾವು ನಗುವುದಿಲ್ಲವೆ? ಉತ್ತರದ ಸೀಮೆಯಲ್ಲಿ ಸಜ್ಜೆ, ಜೋಳ, ಮೆಕ್ಕೆಜೋಳಗಳ ಹಿಟ್ಟಿನಿಂದ ತುವೊ ಜಾಫಿ ಎಂಬ ಇನ್ನೊಂದು ಮುದ್ದೆ. ಅದರ ಜೊತೆಗೆ ಸೊಪ್ಪಿನ ಸಾರು. ವಾಚೆ ಎಂಬುದು ಅಕ್ಕಿಯೂ ಅಲಸಂದೆಯೂ ಒಟ್ಟಿಗೆ ಬೆಂದ ಅನ್ನ. ಜೋಳದ ಸೋಗೆಯನ್ನು ನೀರಿಗೆ ಹಾಕಿ ಅದಕ್ಕೆ ಕೆಂಬಣ್ಣ ಬರಿಸುತ್ತಾರೆ.

ಒಂದು ಸಂಜೆ ಅವ್ವ ಗಂಟು ಕಟ್ಟಲು ಕುಳಿತಳು. ಹೊರಡುವುದಕ್ಕೆ ಎರಡು ತಿಂಗಳಿದ್ದರೂ ಗಂಟು ಸಿದ್ಧವಾಗಬೇಕು. ರಾಗಿಹಿಟ್ಟು, ಅಲಸಂದೆ, ಬೀಜ ತೆಗೆದ ಹುಣಿಸೆಹಣ್ಣು. ನನ್ನೊಳಗಿನ ಮೇಷ್ಟರು ಸುಮ್ಮನಿರಲಾರದೆ ಹೇಳಿದರು: "ಅವ್ವಾ, ಈ ರಾಗಿಯ ತವರು ಆಫ್ರಿಕ. ಸಾವಿರಾರು ವರ್ಷದ ಹಿಂದೆ ಪೂರ್ವ ಆಫ್ರಿಕದಿಂದ ನಮ್ಮ ಕಡೆ ಬಂತು. ಅಲಸಂದೆ ಹುಟ್ಟಿದ್ದು ಪಶ್ಚಿಮ ಆಫ್ರಿಕದಲ್ಲಿ. ಹುಣಿಸೆಯೂ ಆ ಕಡೆಯದೇ. ನೀನು ಕಟ್ಟುತ್ತಿರುವ ಗಂಟೆಲ್ಲ ಅಲ್ಲಿಂದ ಬಂದದ್ದು." ಅವಳು ಗಂಟು ಬಿಗಿಯುವುದನ್ನು ನಿಲ್ಲಿಸಲಿಲ್ಲ. "ಅವಕ್ಕಾದ್ರೂ ವಾಪಸು ಹೋಗದು ಅದಲ್ಲ, ಬುಡು" ಎಂದಳು.

ಹೀಗೆ ಎಲ್ಲವೂ ಒಂದೊಂದಾಗಿ ಕೂಡಿಬರುತ್ತಿತ್ತು. ಬೆಂಗಳೂರಿನಿಂದ ಅಕ್ರಾಕ್ಕೆ ನೇರ ವಿಮಾನವಿಲ್ಲ. ನಡುವೆ ಇಳಿದು ಹತ್ತಬೇಕು. ಅಲ್ಲಿ ಅವ್ವನಿಗೆ ಗಾಲಿಕುರ್ಚಿ ಕೇಳಿಟ್ಟೆ. ರಜದ ಅರ್ಜಿಯನ್ನು ಕೊಟ್ಟೆ. ಪ್ರಯಾಣದ ಉದ್ದೇಶ ಎಂಬಲ್ಲಿ 'ತಮ್ಮನನ್ನು ನೋಡುವುದು' ಎಂದು ಬರೆದಿದ್ದೆ. ಕಚೇರಿಯಲ್ಲಿ ಓದಿದವರು, "ಇದು ಉದ್ದೇಶ ಆಗಲ್ಲ ಸಾರ್. ಪ್ರವಾಸ ಅಂತ ಬರೀರಿ" ಎಂದರು. ಬರೆದುಕೊಟ್ಟೆ.

ಉಳಿದದ್ದು ಸೂಜಿ. ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡ ಪತ್ರವಿಲ್ಲದೆ ಘಾನಾದೊಳಗೆ ಬಿಡುವುದಿಲ್ಲ. ಇತ್ತ ಹಿಂದಿರುಗುವಾಗಲೂ ಆ ಪತ್ರ ಬೇಕು. ನಮ್ಮ ದೇಶದಲ್ಲಿ ಆ ರೋಗವಿಲ್ಲ. ಆದರೆ ಅದನ್ನು ಹರಡಬಲ್ಲ ಸೊಳ್ಳೆ ಧಾರಾಳವಾಗಿದೆ. ಆದ್ದರಿಂದ ಪತ್ರವಿಲ್ಲದೆ ಬಂದವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸುತ್ತಾರೆ. ಪ್ರಯಾಣಕ್ಕೆ ಹತ್ತು ದಿನ ಮೊದಲೇ ಹಾಕಿಸಿಕೊಳ್ಳಬೇಕು. ಹಾಕಿಸಿಕೊಂಡರೆ ಆ ಪತ್ರ, 2016ರ ನಿಯಮದಂತೆ, ಬದುಕಿರುವವರೆಗೂ ನಡೆಯುತ್ತದೆ. ಇದನ್ನೆಲ್ಲ ನಾನು ಓದಿಕೊಂಡಿದ್ದೆ. ಓದದೆ ಬಿಟ್ಟದ್ದು ಒಂದೇ ಸಾಲು. ಬೆಂಗಳೂರಿನಲ್ಲಿ ವೈದ್ಯರು ಅವ್ವನ ವಯಸ್ಸು ಕೇಳಿ, ಬರೆಯುತ್ತಿದ್ದ ಲೇಖನಿಯನ್ನು ಕೆಳಗಿಟ್ಟರು.

ತಾಳ್ಮೆಯಿಂದಲೇ ವಿವರ ಹೇಳಿದರು. ಇದು ಜೀವವಿರುವ ರೋಗಾಣುವನ್ನು ದುರ್ಬಲಗೊಳಿಸಿ ಮಾಡಿದ ಲಸಿಕೆ. ಸಾಮಾನ್ಯವಾಗಿ ಏನೂ ಆಗದು. ಆದರೆ ಅರವತ್ತು ದಾಟಿದವರು ಮೊದಲ ಸಲ ಹಾಕಿಸಿಕೊಂಡಾಗ, ಅಪರೂಪಕ್ಕೆ, ಲಸಿಕೆಯೇ ಕಾಯಿಲೆಯಾಗುವುದುಂಟು. ವಯಸ್ಸು ಹೆಚ್ಚಿದಷ್ಟೂ ಆ ಅಪಾಯ ಹೆಚ್ಚು. ಅವ್ವನಿಗೆ ಸಕ್ಕರೆ ಕಾಯಿಲೆಯೂ ಇದೆ. ಬೇಡವೆಂದು ಪತ್ರ ಬರೆದುಕೊಡಬಹುದು. ಅದನ್ನು ಆ ದೇಶದವರು ಒಪ್ಪಿದರೆ ಒಪ್ಪಿದರು, ಇಲ್ಲವಾದರೆ ಇಲ್ಲ. ಆಗ ರೋಗದ ರಕ್ಷಣೆಯೂ ಇರದು. "ನೀವು ಮನೆಯವರು ಯೋಚಿಸಿ ಹೇಳಿ" ಎಂದರು. ಕೆಟ್ಟ ಸುದ್ದಿಯನ್ನು ಇಷ್ಟು ಮೃದುವಾಗಿ ಹೇಳುವವರನ್ನು ನಾನು ಹೆಚ್ಚು ಕಂಡಿಲ್ಲ.

ಊರಿಗೆ ಹಿಂದಿರುಗುವ ಬಸ್ಸಿನಲ್ಲಿ ಇಬ್ಬರೂ ಮಾತನಾಡಲಿಲ್ಲ. ಮಳವಳ್ಳಿ ದಾಟಿದ ಮೇಲೆ ನಾನೇ ಬಾಯಿ ತೆರೆದು, ಹಣ ವಾಪಸು ಕೇಳೋಣ, ಇಬ್ಬರೂ ಹೋಗುವುದು ಬೇಡ, ಅವನನ್ನೇ ಕರೆಸೋಣ ಎಂದೆ.

"ನೀ ಕರುದ್ರ ಬಂದಾನ ಅಂವ?" ಎಂದಳು ಅವ್ವ.

ನಾನು ಉತ್ತರ ಹೇಳಲಿಲ್ಲ. ಅವಳು ಕಿಟಕಿಯ ಕಡೆಗೇ ನೋಡುತ್ತಿದ್ದಳು.

"ಅವತ್ತು ನೀ ಪೋನಲ್ಲಿ ಅಂದದ್ದ ನಾ ಕೇಳುಸ್ಕಂಡಿದ್ದಿ ಮಗಾ. ಅಡುಗಮನ ಬಾಗುಲ್ಲೇ ನಿಂತಿದ್ದಿ. ನಾ ಹೋದ್ರ ಅಂವ ನನ್ನ ನೋಡ್ದಂಗಾಯ್ತದ, ಅಷ್ಟೆಯ. ನೀ ಹೋಗ್ಬೇಕು."

ಅಷ್ಟು ವರ್ಷ ಅವಳು ಆ ಮಾತನ್ನು ಒಂದು ಸಲವೂ ಎತ್ತಿರಲಿಲ್ಲ. ಭಾನುವಾರದ ಫೋನಿನಲ್ಲಿ ಅವನೊಡನೆಯೂ ಆಡಿರಲಾರಳು. ಕೊಳ್ಳೇಗಾಲದಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾಯುತ್ತ ನಿಂತಾಗ, ಏನೋ ಮರೆತದ್ದು ನೆನಪಾದವಳಂತೆ ಮತ್ತೊಂದು ಮಾತು ಸೇರಿಸಿದಳು: "ಅಂವ ಎಲ್ಲಿ ಮನಿಕತಾನ, ಅದ ಒಸಿ ನೋಡ್ಕಬುಟ್ಟು ಬಾ. ಎಂಟು ಜನದಲ್ಲಿ ಎಂಗ ನಿದ್ದ ಬಂದದು?"

ನಾನೊಬ್ಬನೇ ಲಸಿಕೆ ಹಾಕಿಸಿಕೊಂಡೆ. ಎರಡು ದಿನ ಮೈಕೈ ನೋವು ಬಂದು ಹೋಯಿತು. ಅವ್ವನ ಟಿಕೆಟ್ಟಿನ ಹಣದಲ್ಲಿ ಸ್ವಲ್ಪ ಭಾಗ ಹಿಂದಕ್ಕೆ ಬಂತು. ಸ್ವಲ್ಪ ಭಾಗ ನಿಯಮಗಳ ಹೊಟ್ಟೆಗೆ ಹೋಯಿತು. ಮೆಟ್ಟಿಲು ಹತ್ತಲಾರಳೆಂದು ಅವಳಿಗಾಗಿ ಕೆಳಗಿನ ಕೋಣೆ ಕೇಳಿದ್ದೆ. ಇನ್ನು ಅದರ ಅಗತ್ಯವಿರಲಿಲ್ಲ. ಒಂದು ಮಂಚದ ಕೋಣೆಯಾದರೆ ದಿನಕ್ಕೆ ಹದಿಮೂರು ಡಾಲರು ಉಳಿಯುತ್ತದೆ. ಹಾಗೆಂದು ಬರೆಯಲು ಕುಳಿತೆ, ಅರ್ಧ ಬರೆದೆ, ಅಳಿಸಿದೆ. ಹೋಟೆಲಿನವರ ನಮೂನೆಯಲ್ಲಿ ತಂಗುವವರ ಹೆಸರು ಎಂದು ಎರಡು ಸಾಲುಗಳಿದ್ದುವು. ಎರಡನೆಯದರಲ್ಲಿ ಅವ್ವನ ಹೆಸರಿತ್ತು.

ತಮ್ಮನಿಗೆ ಫೋನು ಮಾಡಿದೆ. ನಮ್ಮಲ್ಲಿ ರಾತ್ರಿ ಹತ್ತು ಗಂಟೆ. ಅಲ್ಲಿ ಸಂಜೆ ನಾಲ್ಕೂವರೆ. ಉಗ್ರಾಣದಲ್ಲಿ ಕಬ್ಬಿಣ ಇಳಿಸುವ ಸದ್ದು ಕೇಳಿಸುತ್ತಿತ್ತು. ಅವ್ವ ಬರುವುದಿಲ್ಲ, ವೈದ್ಯರು ಹೀಗೆ ಹೇಳಿದರು ಎಂದೆ. ಬಹಳ ಹೊತ್ತು ಸುಮ್ಮನಿದ್ದ. "ಹಾಗಾದ್ರೆ ನೀನೂ ಬರಲ್ವ ಅಣ್ಣ?" ಎಂದ.

"ಬರ್ತೀನಿ" ಎಂದೆ. "ಕೋಣೆಯಲ್ಲಿ ಎರಡು ಮಂಚ ಇದೆ. ಹನ್ನೊಂದು ದಿನವೂ ನೀನು ಅಲ್ಲೇ ಬಂದು ಮಲಗಬೇಕು."

ಆ 2020ರ ಮಾತಿನ ವಿಷಯ ಹೇಳಬೇಕೆಂದು ಮೊದಲೇ ಒಂದು ಹಾಳೆಯಲ್ಲಿ ಗುರುತು ಹಾಕಿಕೊಂಡಿದ್ದೆ, ಪಾಠದ ಟಿಪ್ಪಣಿಯಂತೆ. ಹಾಳೆ ಎದುರಿಗೇ ಇತ್ತು, ಹೇಳಲಾಗಲಿಲ್ಲ. ಅವನು, "ಡ್ಯೂಟಿ ಆರು ಗಂಟೆಗೆ ಮುಗೀತದೆ. ಟ್ರೋಟ್ರೋ ಸಿಕ್ಕಿದ್ರೆ ಏಳೂವರೆಗೆ ಬರಬಹುದು" ಎಂದ. ಆಮೇಲೆ, "ಗೋಡೆ ಕಡೇದು ನನಗೆ" ಎಂದ.

ಇದನ್ನು ಓದುಗರಿಗೆ ವಿವರಿಸಬೇಕು. ಚಿಕ್ಕಂದಿನಲ್ಲಿ ಬೇಸಿಗೆಯ ರಾತ್ರಿ ನಾವಿಬ್ಬರೂ ಜಗಲಿಯ ಮೇಲೆ ಮಲಗುತ್ತಿದ್ದೆವು. ಬೆಟ್ಟದ ಕಡೆಯಿಂದ ಚಿರತೆ ಬಂದು ನಾಯಿಯನ್ನು ಹೊತ್ತೊಯ್ದ ಕಥೆಯನ್ನು ಯಾರೋ ಹೇಳಿದಂದಿನಿಂದ ಅವನಿಗೆ ಗೋಡೆಯ ಕಡೆ ಬೇಕು; ಬೀದಿಯ ಕಡೆ ನಾನು. ಚಿರತೆ ಬಂದರೆ ಮೊದಲು ಅಣ್ಣನನ್ನು ಹಿಡಿಯಲಿ ಎಂಬುದು ಅವನ ಏರ್ಪಾಡು. ಅದನ್ನು ಅವನು ಮುಚ್ಚಿಡುತ್ತಲೂ ಇರಲಿಲ್ಲ.

ಹೆಸರು ಬದಲಾಯಿಸಿ ನಮೂನೆ ಕಳಿಸಿದೆ. ಹೋಟೆಲಿನ ಆ ತಾಯಿಗೆ ನನ್ನ ಇಪ್ಪತ್ತೇಳನೆಯ ಪ್ರಶ್ನೆಯನ್ನೂ ಬರೆದೆ: ಎರಡು ಮಂಚಗಳಲ್ಲಿ ಗೋಡೆಯ ಪಕ್ಕಕ್ಕಿರುವುದು ಯಾವುದು, ಅದನ್ನು ನನ್ನ ತಮ್ಮನಿಗೆ ಇಡಬೇಕು. ಮರುದಿನ ಬೆಳಿಗ್ಗೆ ಉತ್ತರ ಬಂದಿತ್ತು.

"ಎರಡು ಮಂಚವೂ ಗೋಡೆಗೆ ಆತುಕೊಂಡೇ ಇವೆ, ಸ್ವಾಮಿ. ಕೋಣೆ ಬಹಳ ಚಿಕ್ಕದು."